ಮರಗಸಿಗೆ ಮುಂಚೆ ಬೆಳಕು ಅಳೆಯೋಣ: ಕಾಫಿ ತೋಟದಲ್ಲಿ ಅಪೋಜಿ ಎಂಕ್ಯೂ-301

ಕಾಫಿ ಬೆಳೆಯುವ ನಾವು ಮಳೆಯನ್ನು ಇಂಚು, ಸೆಂಟ್ಸ್ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿ ಅಳೆದು ಡೈರಿಗೆ ಬರೆಯುತ್ತೇವೆ. ಮಣ್ಣನ್ನು ಪರೀಕ್ಷೆಗೆ ಕಳಿಸುತ್ತೇವೆ. ತೇವಾಂಶ ನೋಡದೆ ಒಂದು ಮೂಟೆ ಕಾಫಿಯನ್ನೂ ಮಾರುವುದಿಲ್ಲ. ಕಾಫಿ ಗಿಡದ ಮೇಲಿನ ಮರಗಳ ನೆರಳು ಮಾತ್ರ ಇವತ್ತಿಗೂ ಕಣ್ಣಂದಾಜು. ಮೇಸ್ತ್ರಿ ಕತ್ತೆತ್ತಿ ನೋಡಿ "ಇಲ್ಲಿ ಕತ್ತಲೆ ಜಾಸ್ತಿ" ಅಂದರೆ ಕೊಂಬೆ ಬೀಳುತ್ತದೆ. "ಇರಲಿ ಬಿಡಿ" ಅಂದರೆ ಉಳಿಯುತ್ತದೆ. ಮುಂದಿನ ವರ್ಷದ ಫಸಲು, ಬೋರರ್ (ಕಾಂಡ ಕೊರೆಯುವ ಹುಳು) ಕಾಟ, ಕೊಳೆರೋಗ ಎಲ್ಲದರಲ್ಲೂ ಆ ಒಂದು ತೀರ್ಮಾನದ ಪಾಲಿದೆ.

ಅದಕ್ಕೇ ಬೆಳಕು ಅಳೆಯುವ ಮೀಟರ್ ಕೊಂಡೆವು. ಅಪೋಜಿ ಕಂಪನಿಯ ಎಂಕ್ಯೂ-301. ಸಕಲೇಶಪುರದ ಕಡೆ ಅಕ್ಕಪಕ್ಕದ ಮೂರು ತೋಟದವರು ದುಡ್ಡು ಹಾಕಿ ತರಿಸಿದ್ದು. ನಮ್ಮದು ಮೇಲಿನ ಗುಡ್ಡದಲ್ಲಿ ಅರೇಬಿಕಾ, ಕೆಳಗೆ ಹಳ್ಳದ ಬದಿಗೆ ರೋಬಸ್ಟಾ. ಕೊಯ್ಲು ಮುಗಿದ ಮೇಲೆ ಒಬ್ಬೊಬ್ಬರ ತೋಟಕ್ಕೆ ಸರದಿಯ ಮೇಲೆ ಹೋಗುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ಮರಗಸಿಗೆ, ಅಂದರೆ ನೆರಳು ಮರದ ಕೊಂಬೆ ಸವರುವ ಕೆಲಸಕ್ಕೆ, ಪ್ರತಿ ವರ್ಷ ದೊಡ್ಡ ಮೊತ್ತ ಸುರಿಯುವವರು ಇದನ್ನು ಕೊಳ್ಳಬೇಕು. ಸಣ್ಣ ತೋಟದವರು ನಮ್ಮ ಹಾಗೆ ಸೇರಿ ಕೊಳ್ಳಲಿ. ಒಂದು ನಿಯಮ ಮಾತ್ರ ಬೇಕು. ಅಳತೆಯನ್ನು ಮರಗಸಿಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ, ಅದೇ ಗಿಡಗಳ ನೆತ್ತಿಯಲ್ಲೇ ಮಾಡಬೇಕು. ಎಲ್ಲೋ ಒಂದು ಕಡೆ ಹಿಡಿದು ಒಂದು ಅಂಕಿ ಓದಿದರೆ ಏನೂ ಗೊತ್ತಾಗುವುದಿಲ್ಲ.

ಕಣ್ಣು ಯಾಕೆ ಸಾಲದು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಣ್ಣಿನ ಪಾಪೆ ಕತ್ತಲಲ್ಲಿ ಹಿಗ್ಗುತ್ತದೆ, ಬೆಳಕಲ್ಲಿ ಕುಗ್ಗುತ್ತದೆ. ಕಣ್ಣಿನ ಒಳಪರದೆಯೂ ಇರುವ ಬೆಳಕಿಗೆ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಹೀಗಾಗಿ ಬಯಲಿನ ಬಿಸಿಲಿನ ಐದನೇ ಒಂದು ಪಾಲು ಮಾತ್ರ ಇರುವ ಜಾಗದಲ್ಲಿ ನಿಂತರೂ ಸ್ವಲ್ಪ ಹೊತ್ತಿಗೆ "ಬೆಳಕು ಚೆನ್ನಾಗಿದೆ" ಅನ್ನಿಸುತ್ತದೆ. ಪೇಪರ್ ಓದಬಹುದು, ಹಣ್ಣು ಕುಯ್ಯಬಹುದು. ಗಿಡದ ಎಲೆಗೆ ಆ ಸೌಕರ್ಯ ಇಲ್ಲ. ಐದನೇ ಒಂದು ಪಾಲು ಬಿದ್ದರೆ ಅದಕ್ಕೆ ಸಿಗುವುದು ಅಷ್ಟೇ.

ಮೀಟರ್ ಬಂದ ದಿನ ನಮ್ಮ ಮೇಸ್ತ್ರಿ ಕೇಳಿದರು. "ಅಮ್ಮಾ, ಬಿಸಿಲು ಅಳೆಯೋಕೆ ಮಿಷನ್ ಯಾಕೆ? ನನ್ನ ಕಣ್ಣು ಸಾಲ್ದಾ?" ಅವರು ನಮ್ಮ ಮಾವನವರ ಕಾಲದಿಂದ ಇದ್ದವರು. ಯಾವ ಮರ ಯಾವ ತಿಂಗಳಲ್ಲಿ ಎಲೆ ಉದುರಿಸುತ್ತದೆ ಅಂತ ಬಾಯಲ್ಲಿ ಹೇಳುತ್ತಾರೆ. "ನಿಮ್ಮ ಕಣ್ಣು ಬೇಡ ಅಂತಲ್ಲ ಮೇಸ್ತ್ರಿ. ನೀವು ಹೇಳ್ತಾ ಹೋಗಿ, ನಾನು ಅಳೀತೀನಿ. ತಾಳೆ ಆಗುತ್ತಾ ನೋಡೋಣ" ಅಂದೆ. ತಾಳೆ ನೋಡಿದ್ದರಿಂದ ನನಗೆ ತುಂಬ ಉಪಯೋಗವಾಯಿತು. ಒಂದೇ ಬ್ಲಾಕಿನ ಒಳಗೆ ಯಾವ ಜಾಗ ಹೆಚ್ಚು ಕತ್ತಲೆ, ಯಾವುದು ಕಡಿಮೆ ಅನ್ನುವುದರಲ್ಲಿ ಅವರ ಕಣ್ಣು ಬಹುಪಾಲು ಸರಿ. ಆದರೆ ಮೇಲಿನ ಅರೇಬಿಕಾ ಬ್ಲಾಕನ್ನು ಕೆಳಗಿನ ರೋಬಸ್ಟಾ ಬ್ಲಾಕಿಗೆ ಹೋಲಿಸುವಾಗ, ಮೋಡದ ದಿನ ನೋಡಿದ್ದನ್ನು ಬಿಸಿಲ ದಿನ ನೋಡಿದ್ದಕ್ಕೆ ಹೋಲಿಸುವಾಗ ಅಂದಾಜು ದೂರ ಸರಿಯುತ್ತಿತ್ತು. ಅದು ಅವರ ಕುಂದಲ್ಲ. ಯಾರ ಕಣ್ಣಾದರೂ ಹಾಗೇ.

ಈಗ ಉಪಕರಣದ ವಿಷಯ. ಎರಡು ಭಾಗ ಇದೆ. ಒಂದು, ಸುಮಾರು ಒಂದೂವರೆ ಮೊಳ ಉದ್ದದ ಲೋಹದ ಪಟ್ಟಿ. ಅದರ ಮೇಲೆ ಸಾಲಾಗಿ 10 ಸಣ್ಣ ಸೆನ್ಸರ್. ಇನ್ನೊಂದು, ಕೈಯಲ್ಲಿ ಹಿಡಿಯುವ ಚಿಕ್ಕ ಡಬ್ಬಿ. ನಡುವೆ ಕೇಬಲ್. ಹತ್ತೂ ಸೆನ್ಸರಿಗೆ ಬಿದ್ದ ಬೆಳಕಿನ ಸರಾಸರಿ ಡಬ್ಬಿಯ ಪರದೆಯ ಮೇಲೆ ಬರುತ್ತದೆ. ನೆರಳಿನ ತೋಟಕ್ಕೆ ಬೇಕಾಗಿರುವುದೇ ಈ ಸರಾಸರಿ. ಮರದ ಕೆಳಗೆ ಬೆಳಕು ಒಂದೇ ಸಮ ಬೀಳುವುದಿಲ್ಲ ಅಲ್ವಾ? ಇಲ್ಲಿ ಒಂದು ಬಿಸಿಲ ಬೊಟ್ಟು, ಗೇಣು ಆಚೆಗೆ ಗಾಢ ನೆರಳು. ಒಂದೇ ಸೆನ್ಸರ್ ಇರುವ ಮೀಟರ್ ಬೊಟ್ಟಿನ ಮೇಲೆ ಇಟ್ಟರೆ 1,500 ತೋರಿಸುತ್ತದೆ, ಪಕ್ಕಕ್ಕೆ ಸರಿಸಿದರೆ 150. ಎರಡೂ ನಿಜ. ಆದರೆ ಒಂದನ್ನೇ ನೋಡಿದರೆ ಗಿಡದ ಸ್ಥಿತಿ ತಿಳಿಯುವುದಿಲ್ಲ.

ಅಂಕಿಯ ಅಳತೆ ಮೈಕ್ರೋಮೋಲ್. ಒಂದು ಚದರ ಮೀಟರ್ ಜಾಗಕ್ಕೆ ಒಂದು ಸೆಕೆಂಡಿಗೆ ಬಂದು ಬೀಳುವ ಬೆಳಕಿನ ಕಣಗಳ ಲೆಕ್ಕ. ಎಲ್ಲ ಬಣ್ಣದ ಕಣಗಳಲ್ಲ. 400ರಿಂದ 700 ನ್ಯಾನೋಮೀಟರ್ ಒಳಗಿನವು ಮಾತ್ರ, ಅಂದರೆ ನೇರಳೆಯಿಂದ ಕೆಂಪಿನವರೆಗೆ. ಎಲೆ ಆಹಾರ ತಯಾರಿಸಲು ಬಳಸುವುದು ಮುಖ್ಯವಾಗಿ ಇವನ್ನೇ. ಕೀತ್ ಮೆಕ್‌ಕ್ರೀ ಅನ್ನುವ ವಿಜ್ಞಾನಿ 22 ಬಗೆಯ ಬೆಳೆಗಳ ಎಲೆಯ ಮೇಲೆ ಬೇರೆ ಬೇರೆ ಬಣ್ಣದ ಬೆಳಕು ಬಿಟ್ಟು ಯಾವ ಬಣ್ಣ ಎಷ್ಟು ಕೆಲಸ ಮಾಡುತ್ತದೆ ಅಂತ ಅಳೆದು 1972ರಲ್ಲಿ ಪ್ರಕಟಿಸಿದರು. ಗಿಡಕ್ಕಾಗಿ ಬೆಳಕು ಅಳೆಯುವ ಇವತ್ತಿನ ಮೀಟರ್‌ಗಳ ಹಿಂದೆ ಆ ಕೆಲಸ ಇದೆ. ಈ ಬೆಳಕಿಗೆ ಪಾರ್ ಅಂತ ಕರೆಯುತ್ತಾರೆ. ಮೋಡವಿಲ್ಲದ ನಡು ಮಧ್ಯಾಹ್ನ ಬಯಲಲ್ಲಿ ಅದು 2,000ದ ಹತ್ತಿರ ಹೋಗುತ್ತದೆ.

"ಫೋನಿನ ಲಕ್ಸ್ ಆಪ್ ಸಾಕಲ್ಲ?" ಅಂತ ತುಂಬ ಜನ ಕೇಳಿದ್ದಾರೆ. ಲಕ್ಸ್ ಅನ್ನುವುದು ಮನುಷ್ಯರ ಕಣ್ಣಿಗೆ ತಕ್ಕ ಅಳತೆ. ನಮ್ಮ ಕಣ್ಣು ಹಸಿರು ಬೆಳಕನ್ನು ಹೆಚ್ಚು ಗ್ರಹಿಸುತ್ತದೆ, 555 ನ್ಯಾನೋಮೀಟರ್ ಸುತ್ತಮುತ್ತ. ಎಲೆ ಕೆಂಪು ಮತ್ತು ನೀಲಿಯನ್ನು ಹೆಚ್ಚು ಹೀರಿಕೊಂಡು ಹಸಿರನ್ನು ಸ್ವಲ್ಪ ಜಾಸ್ತಿ ಕೆಳಕ್ಕೆ ಬಿಡುತ್ತದೆ. ಹಾಗಾಗಿ ಮರದ ಕೆಳಗಿನ ಬೆಳಕನ್ನು ಲಕ್ಸ್‌ನಲ್ಲಿ ಅಳೆದರೆ ಗಿಡಕ್ಕೆ ನಿಜವಾಗಿ ಸಿಗುವುದಕ್ಕಿಂತ ಹೆಚ್ಚು ಕಾಣುತ್ತದೆ. ಬಯಲಿನ ಬಿಸಿಲಿಗಾದರೆ ಲಕ್ಸನ್ನು 54ರಿಂದ ಭಾಗಿಸಿ ಮೈಕ್ರೋಮೋಲ್ ಅಂದಾಜು ಮಾಡಬಹುದು. ಎಲೆಯ ಅಡಿಯಲ್ಲಿ ಆ ಲೆಕ್ಕ ನಿಲ್ಲುವುದಿಲ್ಲ. ಫೋನಿನ ಸೆನ್ಸರ್ ಇರುವುದು ಪರದೆಯ ಬದಿಗೆ. ನೋಡಲು ಬಗ್ಗಿದರೆ ನಮ್ಮ ತಲೆಯ ನೆರಳೇ ಅದರ ಮೇಲೆ ಬೀಳುತ್ತದೆ. ನರ್ಸರಿಯ ನೆರಳು ಬಲೆಯ ಕೆಳಗೆ ಆಪ್ ಹಿಡಿದು ಎರಡು ಮೂಲೆ ಹೋಲಿಸುವುದಾದರೆ ತೊಂದರೆಯಿಲ್ಲ. ಮರಗಸಿಯ ತೀರ್ಮಾನಕ್ಕೆ ಅದನ್ನು ನಂಬಬೇಡಿ.

ನಾವು ಅಳೆಯುವ ಕ್ರಮ ಇದು. ಮೊದಲು ಕಣದಲ್ಲಿ, ಕಾಫಿ ಒಣಗಿಸುವ ಬಯಲಲ್ಲಿ, ಪಟ್ಟಿಯನ್ನು ಸಮತಟ್ಟಾಗಿ ಹಿಡಿದು ಓದುತ್ತೇವೆ. ಆಮೇಲೆ ಬ್ಲಾಕಿಗೆ ಹೋಗಿ, ಗುರುತಿನ ಬಟ್ಟೆ ಕಟ್ಟಿದ ಗಿಡಗಳ ನೆತ್ತಿಯ ಮೇಲೆ ಪಟ್ಟಿ ಹಿಡಿದು ಒಂದೊಂದಾಗಿ ಓದುತ್ತೇವೆ. ವಾಪಸ್ ಬಂದು ಕಣದಲ್ಲಿ ಇನ್ನೊಮ್ಮೆ. ನೆರಳಿನ ಸರಾಸರಿಯನ್ನು ಬಯಲಿನ ಸರಾಸರಿಯಿಂದ ಭಾಗಿಸಿದರೆ ಎಷ್ಟು ಪಾಲು ಬೆಳಕು ಒಳಗೆ ಬರುತ್ತಿದೆ ಅಂತ ಗೊತ್ತಾಗುತ್ತದೆ. ಬಯಲಿನ ಅಳತೆಯನ್ನು ಎರಡು ಸಲ ಮಾಡುವುದು ಮುಖ್ಯ. ನಡುವೆ ತೆಳು ಮೋಡ ಬಂದಿದ್ದರೆ ಅದು ಅಲ್ಲೇ ಸಿಕ್ಕಿಬೀಳುತ್ತದೆ. ಡಬ್ಬಿಯಲ್ಲಿ 99 ಓದುಗಳನ್ನು ಉಳಿಸಿಕೊಳ್ಳಬಹುದು. ಆದರೂ ನಾನು ನೋಟ್‌ಬುಕ್ಕಿಗೇ ಬರೆಯುತ್ತೇನೆ, ಯಾವ ಅಂಕಿ ಯಾವ ಗಿಡದ್ದು ಅಂತ ಡಬ್ಬಿಗೆ ಗೊತ್ತಿರುವುದಿಲ್ಲ.

ಹೊತ್ತಿನ ಬಗ್ಗೆ ಒಂದು ಮಾತು. ನಡು ಮಧ್ಯಾಹ್ನ ಅಂದರೆ ಗಡಿಯಾರದ 12 ಗಂಟೆ ಅಲ್ಲ. ನಮ್ಮ ಗಡಿಯಾರ ಪೂರ್ವದ ರೇಖಾಂಶಕ್ಕೆ ಹೊಂದಿಸಿದ್ದು, ಸಕಲೇಶಪುರ ಇರುವುದು ತುಂಬ ಪಶ್ಚಿಮಕ್ಕೆ. ಫೆಬ್ರವರಿಯಲ್ಲಿ ಇಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರುವುದು 12:40ರ ಹೊತ್ತಿಗೆ. ಏಪ್ರಿಲ್‌ನಲ್ಲಿ 12:30ರ ಹತ್ತಿರ. ಅದರ ಆಚೀಚೆ ಒಂದೊಂದು ಗಂಟೆಯೊಳಗೆ ಕೆಲಸ ಮುಗಿಸಬೇಕು. ನಿಲ್ಲುವ ಜಾಗವೂ ಲೆಕ್ಕಕ್ಕೆ ಬರುತ್ತದೆ. ಏಪ್ರಿಲ್ ಕೊನೆಯ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮಗೆ ದಕ್ಷಿಣಕ್ಕೆ ಇರುತ್ತಾನೆ, ನಾವು ಪಟ್ಟಿಯ ಉತ್ತರಕ್ಕೆ ನಿಲ್ಲಬೇಕು. ಆಮೇಲೆ ಆಗಸ್ಟ್ ಮಧ್ಯದವರೆಗೆ ಸೂರ್ಯ ಉತ್ತರಕ್ಕೆ, ನಾವು ದಕ್ಷಿಣಕ್ಕೆ. ಬಿಳಿ ಅಂಗಿ ಹಾಕಿಕೊಂಡು ಅಳೆಯಬೇಡಿ. ಬಟ್ಟೆಯಿಂದ ಚಿಮ್ಮಿದ ಬೆಳಕೂ ಸೆನ್ಸರಿಗೆ ಹೋಗುತ್ತದೆ.

ಪಟ್ಟಿ ಓರೆಯಾದರೆ ಅಂಕಿ ಕೆಡುತ್ತದೆ. ನಾವು ಗಾರೆಯವರ ಸಣ್ಣ ರಸಮಟ್ಟವೊಂದನ್ನು ಪಟ್ಟಿಯ ಬುಡಕ್ಕೆ ರಬ್ಬರ್ ಹಾಕಿ ಕಟ್ಟಿಕೊಂಡಿದ್ದೇವೆ. ಗುಳ್ಳೆ ನಡುವೆ ನಿಂತಾಗಲೇ ಓದುವುದು. ಓರೆ ಆದರೆ ಬೆಳಕು ಎಷ್ಟು ಬದಲಾಗುತ್ತದೆ ಅನ್ನುವುದನ್ನು ಎಲೆಯಲ್ಲೇ ನೋಡಬಹುದು. ಬಿಸಿಲಿಗೆ ನೇರ ಮುಖ ಮಾಡಿದ ಎಲೆಗೆ ಪೂರ್ತಿ ಬೆಳಕು ಬೀಳುತ್ತದೆ. ಅದೇ ಎಲೆ 60 ಡಿಗ್ರಿ ಓರೆಯಾದರೆ ಅರ್ಧ. ನೆರಳಲ್ಲಿ ಬೆಳೆದ ಕಾಫಿ ಗಿಡದ ಎಲೆ ಅಂಗೈ ಚಾಚಿದ ಹಾಗೆ ಮಟ್ಟವಾಗಿ ಇರುತ್ತದೆ. ಬೋಳು ಜಾಗದ ಗಿಡದಲ್ಲಿ ಎಲೆ ಕೆಳಕ್ಕೆ ಬಾಗಿ, ಅಂಚು ಮಡಿಸಿಕೊಂಡು ನಿಂತಿರುತ್ತದೆ. ಅದು ಬಿಸಿಲಿಂದ ತಪ್ಪಿಸಿಕೊಳ್ಳುವ ದಾರಿ. ಮೀಟರ್ ತೋರಿಸುವುದು ಗಿಡದ ನೆತ್ತಿಗೆ ಬಂದ ಬೆಳಕು. ಅದರಲ್ಲಿ ಒಂದೊಂದು ಎಲೆ ಎಷ್ಟು ಹಿಡಿಯಿತು ಅನ್ನುವುದು ಎಲೆಯ ಓರೆಯ ಮೇಲೆ ನಿಂತಿದೆ. ಅದಕ್ಕೇ ಅಂಕಿಯ ಪಕ್ಕ ನಾನು "ಎಲೆ ಮಟ್ಟ", "ಎಲೆ ಬಾಗಿದೆ" ಅಂತ ಎರಡು ಪದ ಬರೆಯುತ್ತೇನೆ.

ಇನ್ನು ಅಂಕಿಗಳು ನಮಗೆ ಏನು ಹೇಳಿದವು ಅನ್ನುವುದು.

ಅರೇಬಿಕಾ ಗುಡ್ಡದಲ್ಲಿ ಎರಡು ಬ್ಲಾಕ್ ಅಕ್ಕಪಕ್ಕ ಇವೆ. ಒಂದರಲ್ಲಿ ಹಳೆಯ ಕಾಡು ಮರಗಳು. ಅತ್ತಿ, ಬಸರಿ, ನಂದಿ, ಹಲಸು, ಅವುಗಳ ಕೆಳಗೆ ಹಾಲುವಾಣ. ಇನ್ನೊಂದರಲ್ಲಿ ಬಹುಪಾಲು ಸಿಲ್ವರ್ ಓಕ್, ಮೈಮೇಲೆ ಮೆಣಸಿನ ಬಳ್ಳಿ. ಸಿಲ್ವರ್ ಆಸ್ಟ್ರೇಲಿಯಾದಿಂದ ಬಂದ ಮರ. ಬೇಗ ಬೆಳೆಯುತ್ತದೆ, ನೆಟ್ಟಗೆ ಹೋಗುತ್ತದೆ, ಕಡಿಯಲು ಅನುಮತಿಯ ತಾಪತ್ರಯ ಕಡಿಮೆ. ಅದಕ್ಕೇ ಎಲ್ಲ ಕಡೆ ಹಬ್ಬಿದೆ. ಬಯಲಲ್ಲಿ 1,880 ಇದ್ದ ದಿನ ಕಾಡು ಮರದ ಬ್ಲಾಕಿನ ಸರಾಸರಿ 560. ಅಂದರೆ ನೂರಕ್ಕೆ 30. ಸಿಲ್ವರ್ ಬ್ಲಾಕಿನದು 950ರ ಹತ್ತಿರ, ನೂರಕ್ಕೆ 50. ಸರಾಸರಿ ಮಾತ್ರ ನೋಡಿದರೆ ಸಿಲ್ವರ್ ಬ್ಲಾಕ್ ಚೆನ್ನಾಗಿದೆ ಅನ್ನಿಸಬಹುದು. ಆದರೆ ಅಲ್ಲಿ ಒಂದು ಗಿಡಕ್ಕೆ 200, ಪಕ್ಕದ ಸಾಲಿನ ಗಿಡಕ್ಕೆ 1,600. ಕಾಡು ಮರದ ಕೆಳಗೆ ಎಲ್ಲ ಗಿಡಕ್ಕೂ 450ರಿಂದ 700ರ ಒಳಗೆ.

ಇದಕ್ಕೂ ಬೋರರ್‌ಗೂ ಸಂಬಂಧ ಇದೆ. ಬಿಳಿ ಕಾಂಡಕೊರಕದ ಹೆಣ್ಣು ದುಂಬಿ ಬಿಸಿಲು ಬಿದ್ದ ಕಾಂಡವನ್ನೇ ಹುಡುಕಿ ಮೊಟ್ಟೆ ಇಡುತ್ತದೆ. ಅರೇಬಿಕಾಗೆ ಅದರಷ್ಟು ದೊಡ್ಡ ಶತ್ರು ಬೇರೆ ಇಲ್ಲ. ನಾವು ಬೋರರ್ ಗಿಡ ಕಿತ್ತ ಜಾಗಗಳನ್ನು ನಕ್ಷೆಯಲ್ಲಿ ಗುರುತು ಮಾಡಿಟ್ಟಿದ್ದೆವು. ಮೀಟರ್ ಹಿಡಿದು ಅಲ್ಲೆಲ್ಲ ಓಡಾಡಿದಾಗ ಬಹುಪಾಲು ಕಡೆ ಅಂಕಿ 1,300ರ ಮೇಲಿತ್ತು. ಈಗ ನೆರಳು ತಪ್ಪಿದ ಆ ಜಾಗಗಳಿಗೆ ಹಾಲುವಾಣದ ಗೂಟ ನೆಟ್ಟಿದ್ದೇವೆ. ಸರಾಸರಿಯ ಜೊತೆಗೆ ಅತಿ ಹೆಚ್ಚು, ಅತಿ ಕಡಿಮೆ ಎರಡನ್ನೂ ಬರೆದುಕೊಳ್ಳಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಕಾಡು ಮರದ ಬ್ಲಾಕಿನ ತೊಂದರೆ ಬೇರೆ. ಜೂನ್, ಜುಲೈನ ಕಾರ್ಮೋಡದಲ್ಲಿ ಬಯಲಿನ ಬೆಳಕೇ ನಾಲ್ಕನೇ ಒಂದು ಪಾಲಿಗೆ ಇಳಿಯುವುದುಂಟು. ಅದರಲ್ಲಿ ನೂರಕ್ಕೆ 30 ಮಾತ್ರ ಒಳಗೆ ಬಂದರೆ ಗಿಡಕ್ಕೆ ಏನು ಉಳಿಯಿತು? ಎಲೆ ಒಣಗುವುದೇ ಇಲ್ಲ. ಕೊಳೆರೋಗಕ್ಕೆ ಬೇಕಾಗಿರುವುದೂ ಅಂಥದ್ದೇ ಜಾಗ. ಆ ಬ್ಲಾಕಿನಲ್ಲಿ ಮಳೆ ಹಿಡಿಯುವ ಮುಂಚೆ ಹಾಲುವಾಣವನ್ನು ಗಟ್ಟಿಯಾಗಿ ಸವರಿ, ಅತ್ತಿ ಬಸರಿಯ ಕೆಳ ಕೊಂಬೆ ಎತ್ತರಿಸಿದೆವು. ಅಳೆಯುತ್ತ ಅಳೆಯುತ್ತ ಕೆಲಸ ಮಾಡಿಸಿದ್ದು. ನಮ್ಮ ಗುರಿ ಅರೇಬಿಕಾಗೆ ಬಯಲಿನ ಅರ್ಧದ ಆಸುಪಾಸು, ರೋಬಸ್ಟಾಗೆ ಇನ್ನೂ ಸ್ವಲ್ಪ ಹೆಚ್ಚು. ಅರ್ಧ ಮುಟ್ಟಿದ ಕಡೆ ಕತ್ತಿ ನಿಲ್ಲಿಸಿದೆವು. ಇನ್ನೆರಡು ದೊಡ್ಡ ಕೊಂಬೆ ಬೀಳಬೇಕಿತ್ತು ಅಂತ ಮೊದಲು ಅಂದುಕೊಂಡ ಮರ ಹಾಗೇ ಉಳಿಯಿತು. ಬಸರಿ ಅಷ್ಟು ದೊಡ್ಡದಾಗಲು ಎಷ್ಟು ಕಾಲ ಬೇಕು ಅಂತ ಯೋಚಿಸಿದರೆ ಆ ಎರಡು ಕೊಂಬೆ ಉಳಿದದ್ದು ನನಗೆ ತುಂಬ ಸಮಾಧಾನ.

ಮರ ಹತ್ತುವವರ ವಿಷಯವೂ ಹೇಳಬೇಕು. ಮರಗಸಿ ಪ್ರಾಣಕ್ಕೆ ಅಪಾಯದ ಕೆಲಸ. ಮರದಿಂದ ಬಿದ್ದವರು, ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಗುಲಿ ಹೋದವರು ಕಾಫಿ ಸೀಮೆಯಲ್ಲಿ ಪ್ರತಿ ವರ್ಷ ಸುದ್ದಿಯಾಗುತ್ತಾರೆ. ಕೆಳಗೆ ನಿಂತು ಅಳೆದು "ಈ ಮರ ಬೇಡ, ಆ ಮರ ಸಾಕು" ಅಂತ ಹೇಳಿದರೆ ಒಬ್ಬ ಮನುಷ್ಯ ಒಂದು ಮರ ಕಡಿಮೆ ಹತ್ತುತ್ತಾನೆ. ನನ್ನ ಮಟ್ಟಿಗೆ ಈ ಮೀಟರಿನ ಬೆಲೆ ಅಲ್ಲೇ ಹುಟ್ಟಿತು.

ಚಂದ್ರಗಿರಿ ಬ್ಲಾಕಿನಲ್ಲಿ ಸಿಕ್ಕಿದ್ದು ನಾವು ನಿರೀಕ್ಷಿಸದ ವಿಷಯ. 2007ರಲ್ಲಿ ಬಿಡುಗಡೆಯಾದ ಈ ತಳಿ ಕುಳ್ಳ, ಎಲೆ ದಟ್ಟ. ಕಾಯಿ ಒಳಭಾಗದಲ್ಲಿ ಕಡಿಮೆ ಅಂತ ಮರದ ನೆರಳು ಇನ್ನಷ್ಟು ತೆಗೆಯುವ ಯೋಚನೆಯಲ್ಲಿದ್ದೆವು. ಅಳೆದರೆ ಗಿಡದ ನೆತ್ತಿಯಲ್ಲಿ 900. ನಡುವಿನ ರೆಕ್ಕೆಗಳ (ಅಡ್ಡ ಕೊಂಬೆಗಳ) ಹತ್ತಿರ 260. ಗಿಡದ ಹೊಟ್ಟೆಯೊಳಗೆ ಪಟ್ಟಿ ತೂರಿಸಿದರೆ 60. ಬೆಳಕು ಮರದಿಂದ ಬೇಕಾದಷ್ಟು ಇಳಿಯುತ್ತಿದೆ. ಒಳಗೆ ಹೋಗಲು ಬಿಡದಿರುವುದು ಗಿಡದ ಸ್ವಂತ ಎಲೆ. ಅಲ್ಲಿ ಬೇಕಾಗಿದ್ದು ಮರಗಸಿ ಅಲ್ಲ. ಚಿಗುರು ತೆಗೆದು, ನೆತ್ತಿ ಬಿಡಿಸಿ, ಗಿಡದ ಕಸಿ (ಕಾಫಿ ಗಿಡವನ್ನೇ ಸವರುವುದು) ಸರಿಯಾಗಿ ಮಾಡುವುದು. ಎಸ್.795 ತಳಿಯ ಬ್ಲಾಕಿನಲ್ಲಿ ಅದೇ ಅಳತೆ ಮಾಡಿದಾಗ ಹೊಟ್ಟೆಯೊಳಗೂ 180 ಇತ್ತು. ಆ ಗಿಡ ಎತ್ತರ, ಎಲೆಗಳ ನಡುವೆ ಸಂದು ಇದೆ.

ಎಲೆಯ ಪದರ ಹೆಚ್ಚಿದಂತೆ ಬೆಳಕು ಹೀಗೆ ಬೇಗಬೇಗ ಕುಸಿಯುವುದನ್ನು ಜಪಾನಿನ ಮೊನ್ಸಿ ಮತ್ತು ಸಾಯೆಕಿ 1953ರಲ್ಲೇ ಲೆಕ್ಕ ಕಟ್ಟಿ ತೋರಿಸಿದ್ದರು. ಪ್ರತಿ ಪದರವೂ ತನಗೆ ಬಂದದ್ದರಲ್ಲಿ ಒಂದು ಪಾಲು ಹಿಡಿದುಕೊಂಡು ಉಳಿದದ್ದನ್ನು ಕೆಳಕ್ಕೆ ಬಿಡುತ್ತದೆ. ಅವರ ಸೂತ್ರದಂತೆ, ನೆಲದ ಮೂರು ಪಟ್ಟು ವಿಸ್ತೀರ್ಣದಷ್ಟು ಎಲೆ ಇರುವ ಗಿಡದ ಬುಡಕ್ಕೆ ನೆತ್ತಿಯ ಬೆಳಕಿನ ಐದನೇ ಒಂದು ಪಾಲಿನಷ್ಟು ಇಳಿಯುತ್ತದೆ. ಇದು ಗೊತ್ತಿದ್ದರೆ ಇನ್ನೊಂದು ಪ್ರಶ್ನೆಗೂ ಉತ್ತರ ಸಿಗುತ್ತದೆ. ಕಾಫಿಯ ಒಂದು ಎಲೆಗೆ ಸುಮಾರು 300ರಿಂದ 700 ಮೈಕ್ರೋಮೋಲ್ ಸಿಕ್ಕರೆ ಹೊಟ್ಟೆ ತುಂಬಿತು, ಅದಕ್ಕಿಂತ ಜಾಸ್ತಿ ಬಿದ್ದರೆ ಆಹಾರ ಹೆಚ್ಚಿಗೆ ಆಗುವುದಿಲ್ಲ. ಹಾಗಾದರೆ ನೆತ್ತಿಗೆ 900 ಯಾಕೆ ಬೇಕು? ಕೆಳಗಿನ ಪದರಗಳಿಗಾಗಿ. ಕಾಯಿ ಕಚ್ಚುವ ರೆಕ್ಕೆಗಳು ನೆತ್ತಿಯಲ್ಲಿ ಮಾತ್ರ ಇಲ್ಲವಲ್ಲ.

ಮಧ್ಯಾಹ್ನದ ಅಳತೆಗೆ ಒಂದು ಮಿತಿ ಇದೆ. ಹಿರಿಯ ಪ್ಲಾಂಟರುಗಳು ಪಶ್ಚಿಮ ಮತ್ತು ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿಗೆ ನೆರಳು ಜಾಸ್ತಿ ಇರಲಿ ಅನ್ನುತ್ತಾರೆ. ನಮ್ಮ ಪೂರ್ವದ ಇಳಿಜಾರು, ಪಶ್ಚಿಮದ ಇಳಿಜಾರು ಎರಡರಲ್ಲೂ ಮಧ್ಯಾಹ್ನ ಹೆಚ್ಚು ಕಡಿಮೆ ಒಂದೇ ಅಂಕಿ ಬರುತ್ತದೆ. ವ್ಯತ್ಯಾಸ ಕಾಣಬೇಕಾದರೆ ಮೀಟರನ್ನು ಅಲ್ಲೇ ಬಿಟ್ಟು ಬರಬೇಕು. ಅದಕ್ಕೆ ಲಾಗ್ ಅನ್ನುವ ವ್ಯವಸ್ಥೆ ಇದೆ. 30 ಸೆಕೆಂಡಿಗೊಮ್ಮೆ ತಾನೇ ಅಳೆದು, ಅರ್ಧ ಗಂಟೆಗೊಂದು ಸರಾಸರಿ ಉಳಿಸುತ್ತದೆ. ಅಂಥ 99 ಸರಾಸರಿ, ಅಂದರೆ ಸುಮಾರು ಎರಡು ದಿನದ್ದು. ಆಮೇಲೆ ಹಳೆಯದರ ಮೇಲೆ ಬರೆಯುತ್ತ ಹೋಗುತ್ತದೆ. ಇಡೀ ದಿನದ ಒಟ್ಟು ಬೆಳಕನ್ನೂ ಮೋಲ್ ಲೆಕ್ಕದಲ್ಲಿ ಕೂಡಿಸಿ ಕೊಡುತ್ತದೆ. ಮೈಕ್ರೋಮೋಲ್ ಅಂದರೆ ಮಳೆ ಎಷ್ಟು ಬಿರುಸಾಗಿ ಹೊಡೆಯುತ್ತಿದೆ ಅನ್ನುವ ಹಾಗೆ, ದಿನದ ಮೋಲ್ ಅಂದರೆ ಬೆಳಿಗ್ಗೆ ಮಳೆ ಮಾಪಕದಲ್ಲಿ ನೋಡಿದ ಒಟ್ಟು ಸೆಂಟ್ಸ್ ಹಾಗೆ. ಬೇಸಗೆಯ ಮೋಡವಿಲ್ಲದ ದಿನ ಬಯಲಲ್ಲಿ 40 ಮೋಲ್ ದಾಟುತ್ತದೆ. ನಮ್ಮ ಪೂರ್ವದ ಇಳಿಜಾರಲ್ಲಿ ಗಿಡದ ನೆತ್ತಿಗೆ 15 ಸಿಕ್ಕಿತು, ಪಶ್ಚಿಮದಲ್ಲಿ 22. ಆ ಹೆಚ್ಚಿನ 7 ಬಂದದ್ದೆಲ್ಲ ಮಧ್ಯಾಹ್ನ ಎರಡರ ಮೇಲೆ, ಮಣ್ಣೂ ಗಾಳಿಯೂ ಕಾದಿರುವ ಹೊತ್ತಿನಲ್ಲಿ. ಹಿರಿಯರ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಬೇಕಾಗಿಲ್ಲ. ಪಶ್ಚಿಮದ ಅಂಚಿನ ಮರಗಳನ್ನು ಈಗ ಮುಟ್ಟುವುದಿಲ್ಲ.

ಕೊರತೆಗಳೂ ಇವೆ. ಸೆನ್ಸರ್ ಪಟ್ಟಿ ನೀರಿಗೆ ಹೆದರುವುದಿಲ್ಲ, ಕೈಯ ಡಬ್ಬಿಗೆ ನೀರು ತಾಗಬಾರದು. ರಾತ್ರಿಯಿಡೀ ತೋಟದಲ್ಲಿ ಬಿಡುವಾಗ ನಾವು ಡಬ್ಬಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ತಲೆಕೆಳಗಾದ ಬಕೆಟ್ಟಿನ ಒಳಗೆ ಇಡುತ್ತೇವೆ. ಮಲೆನಾಡಿನ ಇಬ್ಬನಿಯೂ ಮಳೆಯಷ್ಟೇ ಕೆಟ್ಟದ್ದು. ಬ್ಯಾಟರಿ ಸಿಆರ್2320 ಅನ್ನುವ ಬಿಲ್ಲೆ. ಊರಿನ ಅಂಗಡಿಗಳಲ್ಲಿ ನನಗೆ ಸಿಕ್ಕಿದ್ದು 2032 ಮಾತ್ರ. ಮೀಟರ್ ಜೊತೆಗೇ ಎರಡು ಮೂರು ಹೆಚ್ಚಿಗೆ ತರಿಸಿಟ್ಟುಕೊಳ್ಳಿ. ಅಂಕಿಗಳನ್ನು ಕಂಪ್ಯೂಟರಿಗೆ ಇಳಿಸಲು ಬೇರೆ ಕೇಬಲ್ ಬೇಕು, ಅದನ್ನು ಪ್ರತ್ಯೇಕವಾಗಿ ಕೊಳ್ಳಬೇಕು. ನಮಗೆ ಮಾರಿದ ಡೀಲರ್ ಈ ಮಾತನ್ನು ಮೊದಲು ಹೇಳಲೇ ಇಲ್ಲ. ಕೇಳಿದ ಮೇಲೆ ಕೇಬಲ್ ಬರುವಷ್ಟರಲ್ಲಿ ಆ ವರ್ಷದ ಮರಗಸಿ ಮುಗಿದಿತ್ತು. ಕೊಟೇಶನ್ ತರಿಸುವಾಗಲೇ ಕೇಬಲ್ ಸೇರಿಸಿ ಬರೆಸಿ. ಹೊರದೇಶದ ಸಾಮಾನು, ಡಾಲರ್ ದರ ಮತ್ತು ತೆರಿಗೆ ನೋಡಿ ಬೆಲೆ ಬದಲಾಗುತ್ತದೆ. ಇಬ್ಬರು ಮೂವರು ಡೀಲರ್‌ಗಳ ಹತ್ತಿರ ಕೇಳಿ. ಕಂಪನಿಯ 4 ವರ್ಷದ ವಾರಂಟಿಯನ್ನು ಇಲ್ಲಿ ಯಾರು ನಡೆಸಿಕೊಡುತ್ತಾರೆ ಅನ್ನುವುದನ್ನೂ ಬರಹದಲ್ಲಿ ತೆಗೆದುಕೊಳ್ಳಿ.

ಬೇರೆ ಉಪಕರಣಗಳ ಬಗ್ಗೆ ಚುಟುಕಾಗಿ. ಅಕ್ಯುಪಾರ್ ಎಲ್‌ಪಿ-80 ಅನ್ನುವುದರಲ್ಲಿ 80 ಸೆನ್ಸರ್ ಇವೆ. ಎಲೆಯ ಒಟ್ಟು ವಿಸ್ತೀರ್ಣದ ಲೆಕ್ಕವನ್ನೂ ಅದೇ ಮಾಡಿ ಕೊಡುತ್ತದೆ. ಒಬ್ಬ ಸಂಶೋಧನಾ ವಿದ್ಯಾರ್ಥಿನಿ ನಮ್ಮ ತೋಟಕ್ಕೆ ಅದನ್ನು ತಂದಿದ್ದರು. ಎರಡನ್ನೂ ಪಕ್ಕಪಕ್ಕ ಹಿಡಿದಾಗ ಬೆಳಕಿನ ಪಾಲು ಹತ್ತಿರ ಹತ್ತಿರ ಬಂತು. ಲೈಕೋರ್ ಕಂಪನಿಯ ಒಂದು ಮೀಟರ್ ಉದ್ದದ ಪಟ್ಟಿಯೂ ಇದೆ. ಪ್ರಬಂಧ ಬರೆಯುವವರಿಗೆ ಅವು ಬೇಕು. ಯಾವ ಕೊಂಬೆ ತೆಗೆಯಬೇಕು ಅಂತ ತೀರ್ಮಾನ ಮಾಡುವ ನಮಗೆ 10 ಸೆನ್ಸರ್ ಸಾಕು. ಅಪೋಜಿಯಲ್ಲೇ ಒಂದೇ ಸೆನ್ಸರಿನ ಎಂಕ್ಯೂ-500 ಇದೆ. ಪಾಲಿಹೌಸ್, ನರ್ಸರಿ ಇರುವವರಿಗೆ ಅದು ಸರಿ. ಮರದ ಕೆಳಗೆ ಅದನ್ನು ಹಿಡಿದರೆ ಒಂದೊಂದು ಗಿಡಕ್ಕೂ ಹತ್ತಾರು ಕಡೆ ಓದಬೇಕಾಗುತ್ತದೆ.

ನೋಡಿಕೊಳ್ಳುವುದು ಕಷ್ಟವಲ್ಲ. ಸೆನ್ಸರಿನ ಬಿಳಿ ಗುಬುಟಿನ ಮೇಲೆ ಧೂಳು, ಜೇಡರ ಬಲೆ ಕೂತರೆ ಅಂಕಿ ಇಳಿಯುತ್ತದೆ. ನೀರಲ್ಲಿ ಅದ್ದಿದ ಮೆತ್ತನೆ ಬಟ್ಟೆ ಸಾಕು, ಗಸಗಸ ಉಜ್ಜಬಾರದು. ಉಪ್ಪಿನ ಕಲೆಗೆ ವಿನೆಗರ್ ಹಾಕಿ ಅಂತ ಕಂಪನಿಯ ಕೈಪಿಡಿ ಹೇಳುತ್ತದೆ. ಬೋರ್ಡೋ ದ್ರಾವಣ (ಸುಣ್ಣ, ಮೈಲುತುತ್ತದ ಔಷಧಿ) ಹೊಡೆಯುವ ದಿನ ಮೀಟರನ್ನು ತೋಟಕ್ಕೆ ಒಯ್ಯಲೇಬೇಡಿ. ಎರಡು ವರ್ಷಕ್ಕೊಮ್ಮೆ ಮರುಹೊಂದಾಣಿಕೆಗೆ ಕಳಿಸಬೇಕು ಅನ್ನುತ್ತಾರೆ. ಕಳಿಸುವ ಮುಂಚೆ ನಾವೇ ಪರೀಕ್ಷೆ ಮಾಡಿ ನೋಡಬಹುದು. ಅಪೋಜಿಯವರದ್ದೇ ಕ್ಲಿಯರ್ ಸ್ಕೈ ಕ್ಯಾಲ್ಕುಲೇಟರ್ ಅಂತ ಒಂದು ಜಾಲತಾಣ ಇದೆ. ಊರಿನ ಅಕ್ಷಾಂಶ, ರೇಖಾಂಶ, ಎತ್ತರ, ಆ ಹೊತ್ತಿನ ಉಷ್ಣಾಂಶ, ತೇವಾಂಶ ಕೊಟ್ಟರೆ ಮೋಡವಿಲ್ಲದ ಆಕಾಶದಲ್ಲಿ ಎಷ್ಟು ಮೈಕ್ರೋಮೋಲ್ ಬರಬೇಕು ಅಂತ ಹೇಳುತ್ತದೆ. ಮಳೆ ಬಂದು ಗಾಳಿ ತೊಳೆದ ಮಾರನೇ ದಿನ, ನೀಲಿ ಆಕಾಶದ ಮಧ್ಯಾಹ್ನ, ಕಣದಲ್ಲಿ ಮೀಟರ್ ಹಿಡಿದು ಆ ಅಂಕಿಗೆ ಹೋಲಿಸಿ. ಒಂದು ದಿನದ ಹೋಲಿಕೆ ಸಾಲದು, ಬೇರೆ ಬೇರೆ ಒಳ್ಳೆಯ ದಿನಗಳಲ್ಲಿ ನೋಡಿ. ಪ್ರತಿ ಸಲವೂ ನೂರಕ್ಕೆ 5ಕ್ಕಿಂತ ಹೆಚ್ಚು ವ್ಯತ್ಯಾಸ ಬರುತ್ತಿದ್ದರೆ ಸೆನ್ಸರನ್ನು ಕಳಿಸುವ ಹೊತ್ತು ಬಂದಿದೆ ಅಂತ ಅರ್ಥ. ಅದನ್ನು ಮಳೆಗಾಲದಲ್ಲೇ ಕಳಿಸಿಬಿಡಿ, ಮುಂದಿನ ಮರಗಸಿಯ ಹೊತ್ತಿಗೆ ವಾಪಸ್ ಬಂದಿರುತ್ತದೆ.